ಮೂರು ಬೀಗದ ನೀರು

ಮೂವತ್ತೊಂದು ವರ್ಷ ಕೇಂದ್ರ ಸರ್ಕಾರದ ಚಾಕರಿ ಮಾಡಿ ಇಂದುಶೇಖರರು ಕಲಿತದ್ದು ಎರಡು ವಿದ್ಯೆ. ಒಂದು, ಯಾರು ಏನೇ ಕೇಳಿದರೂ "ಪರಿಶೀಲಿಸೋಣ" ಎನ್ನುವುದು. ಇನ್ನೊಂದು, ಎದುರಿಗೆ ಯಾವ ಕಾಗದ ಬಂದು ಬಿದ್ದರೂ ಅದರ ಬಲಗಡೆಯ ಕೆಳಮೂಲೆಯಲ್ಲಿ ಮೊಟಕು ಸಹಿ ಹಾಕಿ ತಾರೀಖು ಬರೆಯುವುದು. ದೆಹಲಿಯ ಒಂದು ಮಂತ್ರಾಲಯದ ಟಪಾಲು ವಿಭಾಗದಲ್ಲಿ ಅವರು ಸಹಾಯಕರು. ಬಂದ ಕಾಗದಕ್ಕೆಲ್ಲ ನಂಬರು ಕೊಟ್ಟು, ಮೂಲೆಯಲ್ಲಿ ಸಹಿ ಹಾಕಿ, ಮುಂದಕ್ಕೆ ತಳ್ಳುವುದು ಕೆಲಸ. ಓದುವುದು ಅವರ ಕೆಲಸವಾಗಿರಲಿಲ್ಲ. ಓದುವವರು ಬೇರೆ ಇದ್ದರು, ಅಥವಾ ಇದ್ದಾರೆಂದು ಎಲ್ಲರೂ ನಂಬಿದ್ದರು. ಅಭ್ಯಾಸ ಕೈಗೆ ಎಷ್ಟು ಹತ್ತಿತ್ತೆಂದರೆ ಮದುವೆಯ ಕರೆಯೋಲೆ, ಹೋಟೆಲಿನ ಮೆನು, ಒಮ್ಮೆ ತಮ್ಮದೇ ಹಲ್ಲಿನ ಎಕ್ಸ್‌ರೇ, ಎಲ್ಲದರ ಬಲಮೂಲೆಯಲ್ಲೂ 'ಇಂ.ಶೇ.' ಎಂಬ ಎರಡಕ್ಷರ ಬಿದ್ದಿತ್ತು.

ಕಲಿಯದೆ ಬಂದ ಮೂರನೆಯ ವಿದ್ಯೆಯೂ ಒಂದಿತ್ತು. ಅದು ಬೀಗದ ಕೈ ಕಳೆಯುವುದು. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಮದುವೆಯಾಗಿ ದೆಹಲಿಗೆ ಬರುವಾಗ ಟ್ರಂಕಿನ ಬೀಗದ ಕೈಯನ್ನು ಅವರು ಭೋಪಾಲಿನ ಪ್ಲಾಟ್‌ಫಾರ್ಮಿನ ಮೇಲೆ ಬಿಟ್ಟು ಬಂದ ದಿನವೇ ಅವರ ಹೆಂಡತಿ ಪಂಕಜಾ ಇದಕ್ಕೊಂದು ಪರಿಹಾರ ಕಂಡುಕೊಂಡಿದ್ದರು. ಸರಪಳಿಯ ಒಂದು ತುದಿಗೆ ಗಂಡನ ಬೀಗ, ಇನ್ನೊಂದು ತುದಿಗೆ ತಮ್ಮ ಬೀಗ, ಎರಡರ ಕೊಂಡಿಗಳೂ ಒಂದರೊಳಗೊಂದು. ಯಾವ ಬೀಗ ತೆರೆದರೂ ಸರಪಳಿ ಬಿಚ್ಚಿಕೊಳ್ಳುತ್ತದೆ. ಗಂಡ ಕೈ ಕಳೆದರೂ ಸಂಸಾರ ನಿಲ್ಲುವುದಿಲ್ಲ. ಈಗಲೂ ಅವರ ಮನೆಯ ಗ್ರಿಲ್ ಗೇಟಿಗೆ ಅದೇ ವ್ಯವಸ್ಥೆ. ಎರಡೆರಡು ಬೀಗ ನೋಡಿ, ಒಳಗೆ ಬಹಳ ಬಂಗಾರವಿದೆ ಎಂದು ಬೀದಿಯವರು ತಿಳಿದಿದ್ದರು. ಒಳಗಿದ್ದದ್ದು ಖಾಲಿ ಕೊಡಗಳು.

ಫರೀದಾಬಾದ್ ದಾಟಿ ಶಟಲ್ ರೈಲಿನಲ್ಲಿ ಇನ್ನಷ್ಟು ದೂರ ಹೋದರೆ ಸಿಗುವ ಕೀಕರ್‌ವಾಲಿ ಎಂಬ ಪುಟ್ಟ ಊರಲ್ಲಿ ಅವರ ಬಾಡಿಗೆ ಮನೆ. ಅದರ ಒಂದು ಮಗ್ಗುಲಿಗೆ ಝಾಡ್‌ಪುರ, ಇನ್ನೊಂದು ಮಗ್ಗುಲಿಗೆ ಬೇರ್‌ಖೇಡಾ. ಒಂದು ಊರಲ್ಲಿ ಒಗ್ಗರಣೆ ಹಾಕಿದರೆ ಇನ್ನೊಂದು ಊರಲ್ಲಿ ಸೀನು ಬರುವಷ್ಟು ಹತ್ತಿರ. ಆದರೂ ಮೂರು ಪುರಸಭೆ, ಮೂವರು ಅಧ್ಯಕ್ಷರು. ಒಂದೊಂದಕ್ಕೂ ಪ್ರತ್ಯೇಕ ನೀರಿನ ವ್ಯವಸ್ಥೆ ಮಾಡಿಕೊಳ್ಳುವ ತ್ರಾಣ ಇಲ್ಲದ್ದರಿಂದ ಮೂರೂ ಸೇರಿ ಯಮುನೆಯ ದಡದಲ್ಲಿ ಒಂದು ಬಾವಿ, ಒಂದು ಪಂಪ್‌ಹೌಸು, ಒಂದು ಎತ್ತರದ ಟ್ಯಾಂಕು ಕಟ್ಟಿಸಿ, ನೋಡಿಕೊಳ್ಳಲು ಒಂದು ಸಂಯುಕ್ತ ಕುಡಿಯುವ ನೀರಿನ ಸಮಿತಿ ಮಾಡಿಕೊಂಡಿದ್ದವು. ಉದ್ಘಾಟನೆಗೆ ಬಂದವರು ಇದು ದೇಶಕ್ಕೇ ಮಾದರಿ ಎಂದು ಹೇಳಿ ಹೋಗಿದ್ದರು. ಮಾದರಿ ಅಂದಿನಿಂದಲೇ ನೀರು ನಿಲ್ಲಿಸಿತು ಎಂದರೆ ಸುಳ್ಳಾಗುತ್ತದೆ. ಹನ್ನೊಂದು ದಿನ ಕೊಟ್ಟಿತ್ತು. ಆಮೇಲೆ ವಾರಕ್ಕೊಮ್ಮೆ ಬಂದರೆ ಬಂತು.

ಇದು ನಡೆದದ್ದು ಎರಡು ಸಾವಿರದ ಆರನೆಯ ಇಸವಿಯ ಬೇಸಿಗೆಯಲ್ಲಿ. ಆಗ ಅವರ ಮಗಳು ತನುಶ್ರೀಗೆ ಎಂಟು ತಿಂಗಳು ತುಂಬಿ, ಗುಡಗಾಂವಿನ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ಚೊಚ್ಚಲ ಬಾಣಂತನ ತವರಿನದು. ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಣಂತನವೆಂದರೆ ನೀರು. ಬಾಣಂತಿಗೆ ಎರೆಯಲು ದಿನಕ್ಕೊಂದು ಹಂಡೆ, ಮಗುವಿಗೆ ಅರ್ಧ ಹಂಡೆ, ಬಟ್ಟೆಗಳಿಗೆ ಎಷ್ಟಾದರೂ ಸಾಲದು. ಕೆಳಗಿನ ಮನೆಯ ಒಡತಿ, ಎಲ್ಲರೂ ಬೀಜಿ ಎಂದು ಕರೆಯುತ್ತಿದ್ದ ಪಂಜಾಬಿ ಮುದುಕಿ, ತಮ್ಮ ಕೈಪಂಪಿನ ಒಂದು ಬಕೆಟ್ ನೀರನ್ನು ದಿನಾ ಬೆಳಗ್ಗೆ ಮೆಟ್ಟಿಲ ಮೇಲೆ ಇಟ್ಟು, ತಟ್ಟೆ ಮುಚ್ಚಿ ಹೋಗುತ್ತಿದ್ದರು. ಅದರ ಬಗ್ಗೆ ಅವರೂ ಮಾತಾಡುತ್ತಿರಲಿಲ್ಲ, ಇವರನ್ನು ಮಾತಾಡಲೂ ಬಿಡುತ್ತಿರಲಿಲ್ಲ. ಆದರೆ ಅದು ಸವಳು ನೀರು. ಎಳೆಗೂಸಿನ ತಲೆಗೆ ಆಗುವುದಿಲ್ಲ.

ಒಂದು ಶುಕ್ರವಾರ ಸಂಜೆ ಬೀಗಿತ್ತಿ ಹಂಸಾ ಗುಡಗಾಂವಿನಿಂದ ಫೋನ್ ಮಾಡಿದರು.

"ಪಂಕಜಾ, ಬೇಜಾರು ಮಾಡ್ಕೋಬೇಡಿ. ಹದಿನಾಲ್ಕನೇ ಮಹಡಿ ಆದ್ರೂ ನಮಗೆ ಇಪ್ಪತ್ತನಾಲ್ಕು ಗಂಟೆ ನೀರು. ಬಿಸಿನೀರಿಗೆ ಬೇರೆ ನಲ್ಲಿ. ಬಾಣಂತನ ಇಲ್ಲೇ ಆಗ್ಲಿ ಬಿಡಿ. ನೀವೂ ಬಂದು ಇರಿ, ಗೆಸ್ಟ್ ರೂಮ್ ಇದೆ."

ಬಿಸಿ ಪಾತ್ರೆ ಇಳಿಸಿದ ಹಾಗೆ ಪಂಕಜಾ ಫೋನ್ ಇಳಿಸಿದರು. ಸ್ವಂತ ಮಗಳ ಬಾಣಂತನಕ್ಕೆ ಗೆಸ್ಟ್ ರೂಮು.

"ರೀ, ಈ ತಿಂಗಳು ಕಳೆಯೋದ್ರೊಳಗೆ ನಲ್ಲೀಲಿ ನೀರು ಬರಬೇಕು. ಇಲ್ದಿದ್ರೆ ಮಗಳು ಗುಡಗಾಂವಿಗೆ ಹೋಗ್ತಾಳೆ, ನಾನು ಕನ್ನಡ ಸಂಘದಲ್ಲಿ ಯಾರಿಗೂ ಮುಖ ತೋರಿಸೋ ಹಾಗಿಲ್ಲ."

"ಪರಿಶೀಲಿಸೋಣ," ಎಂದರು ಇಂದುಶೇಖರರು.

ಹೆಂಡತಿ ನೋಡಿದ ನೋಟಕ್ಕೆ ಅವರು ಅಂದೇ ಕೂತು ಅರ್ಜಿ ಬರೆದರು. ಮಗಳಿಗೆ ಎಂಟು ತಿಂಗಳು, ಬಾಣಂತನಕ್ಕೆ ನೀರಿಲ್ಲ, ದಯಮಾಡಿ ಕೃಪೆ ತೋರಬೇಕು. ಮರುದಿನ ಹೊರಡುವಾಗ ತನುಶ್ರೀ, "ಅಪ್ಪಾ, ಆಫೀಸ್ ಕಾರ್ಡ್ ಹಾಕ್ಕೊಂಡು ಹೋಗಿ. ನಹೀ ತೋ ಕೋಯೀ ಸುನೇಗಾ ನಹೀ, ಯಾರೂ ಮಾತು ಕೇಳಲ್ಲ," ಎಂದಳು. ಅವರಿಗೂ ಆ ಆಸೆ ಒಳಗೇ ಇತ್ತು. ಸಫಾರಿ ಸೂಟು ತೊಟ್ಟು, ಕುತ್ತಿಗೆಗೆ ಕಾರ್ಡು ನೇತುಹಾಕಿ, 'ಭಾರತ ಸರ್ಕಾರ' ಎಂದು ಅಚ್ಚಾದ ಡೈರಿಯೊಳಗೆ ಅರ್ಜಿ ಇಟ್ಟುಕೊಂಡು ಹೊರಟರು. ಮುಂದೆ ಆದದ್ದಕ್ಕೆಲ್ಲ ಈ ಸಫಾರಿಯೇ ಮೂಲ.

ಬೇರ್‌ಖೇಡಾ ಪುರಸಭೆಯಲ್ಲಿ ಅಂದು ಸಂಯುಕ್ತ ಸಮಿತಿಯ ಸಭೆ. ಜವಾನ ಇವರ ಕಾರ್ಡು ನೋಡಿ, ಡೈರಿ ನೋಡಿ, ಅರ್ಜಿ ಕೊಡುವ ಕಿಟಕಿಯತ್ತ ಹೊರಟವರನ್ನು ತಡೆದು, ಬಾಗಿಲು ತೆರೆದು ನೇರ ಒಳಗೆ ಬಿಟ್ಟ. ಅಲ್ಲಿ ಮೇಜಿನ ಸುತ್ತ ಝಾಡ್‌ಪುರದ ಅಧ್ಯಕ್ಷ ಚೌಧರಿ, ಕೀಕರ್‌ವಾಲಿಯ ಅಧ್ಯಕ್ಷ ಲಾಲಾ, ಬೇರ್‌ಖೇಡಾದ ಅಧ್ಯಕ್ಷೆ ಸಂತೋಷ್ ದೇವಿ ಕೂತಿದ್ದರು. ಸಂತೋಷ್ ದೇವಿ ಮುಖದ ತುಂಬ ಸೆರಗು ಎಳೆದುಕೊಂಡಿದ್ದರು. ಅವರ ಪರವಾಗಿ ಮಾತಾಡಲು ಅವರ ಗಂಡ, ನಿವೃತ್ತ ಶಾಲಾ ಮಾಸ್ತರರು, ಪಕ್ಕದಲ್ಲೇ ಇದ್ದರು. "ನಾವು ಬೇರ್‌ಖೇಡಾದ ಅಧ್ಯಕ್ಷರು ಹೇಳೋದೇನಂದ್ರೆ" ಎಂದೇ ಅವರು ಮಾತು ಶುರುಮಾಡುವುದು. ಖಾಲಿ ಇದ್ದದ್ದು ಒಂದೇ ಕುರ್ಚಿ. ಅದರ ಬೆನ್ನಿಗೆ ಬಿಳಿಯ ಟರ್ಕಿ ಟವೆಲ್ಲು ಹೊದಿಸಿತ್ತು.

ದೆಹಲಿಯ ಸುತ್ತಮುತ್ತ ಟವೆಲ್ಲಿಲ್ಲದ ಕುರ್ಚಿಗೆ ಅಧಿಕಾರವಿಲ್ಲ, ಟವೆಲ್ಲಿರುವ ಕುರ್ಚಿಯಲ್ಲಿ ಅಧಿಕಾರಿಯಲ್ಲದವನು ಕೂರುವುದಿಲ್ಲ. ಸಮಿತಿಗೆ ಯಾರು ಅಧ್ಯಕ್ಷರಾಗಬೇಕೆಂದು ಮೂರು ಊರಿಗೂ ಜಗಳವಾಗಿ, ಯಾರ ಕಡೆಯೂ ಅಲ್ಲದವರೊಬ್ಬರನ್ನು ಮೇಲಿನಿಂದ ಕಳಿಸಿಕೊಡಿ ಎಂದು ಒಂದೂವರೆ ವರ್ಷದ ಹಿಂದೆ ಮಂತ್ರಾಲಯಕ್ಕೆ ಬರೆದಿದ್ದರು. ಆ ಪತ್ರದ ಬಲಮೂಲೆಯಲ್ಲಿ ಯಾರ ಸಹಿ ಬಿದ್ದಿತ್ತೆಂದು ಇಲ್ಲಿ ಹೇಳಬೇಕಾದ್ದಿಲ್ಲ. ಅಂದಿನಿಂದ ಕುರ್ಚಿ ಕಾಯುತ್ತಿತ್ತು. ಟವೆಲ್ಲು ಮಾತ್ರ ತಿಂಗಳಿಗೊಮ್ಮೆ ಒಗೆಯಲ್ಪಡುತ್ತಿತ್ತು, ನೀರಿದ್ದರೆ.

"ಬಂದ್ರಾ ಸಾಬ್‌ಜಿ," ಎಂದು ಚೌಧರಿ ಎದ್ದು ನಿಂತರು. "ಬಹಳ ಕಾಯಿಸಿದ್ರಿ."

"ಇಲ್ಲ, ನಾನು ನೀರಿನ ವಿಷಯವಾಗಿ..."

"ನಾವೇನು ಹಾಲಿನ ವಿಷಯಕ್ಕೆ ಸೇರಿದ್ದೀವಾ? ಕೂತ್ಕೊಳ್ಳಿ."

ಕೂತರು. ನಿಂತೇ ಇರುವುದು ಮರ್ಯಾದೆಯಲ್ಲವಲ್ಲ. ಕೂತ ತಕ್ಷಣ ಚಹಾ ಬಂತು, ಮೊದಲು ಅವರಿಗೇ, ಎರಡು ಬಿಸ್ಕತ್ತಿನ ಸಮೇತ. ಮಿಕ್ಕವರಿಗೆ ಒಂದೊಂದೇ. ಅವರ ಹಿಂದಿಯ ನಾಲ್ಕು ಮಾತು ಕೇಳಿ ಲಾಲಾ ಮೆಚ್ಚಿಕೊಂಡು, "ಸೌತ್‌ನವರು. ಭೇಷ್. ಮೂರೂ ಊರಲ್ಲಿ ಯಾರಿಗೂ ನೆಂಟರಾಗೋಕೆ ಸಾಧ್ಯವೇ ಇಲ್ಲ," ಎಂದರು.

ನಿಜ ಹೇಳಿಬಿಡಬೇಕೆಂದು ಇಂದುಶೇಖರರು ಬಾಯಿ ತೆರೆದರು. ತೆರೆದೊಡನೆ ಮೂರೂ ಊರು ಮಾತು ನಿಲ್ಲಿಸಿ ಅವರತ್ತ ತಿರುಗಿದವು. ಸರ್ವಿಸ್ಸಿನಲ್ಲಿ ಇದುವರೆಗೆ ಅವರ ಮಾತಿಗೆ ಯಾರೂ ಹಾಗೆ ತಿರುಗಿದ್ದಿಲ್ಲ. ಗಾಬರಿಯಾಗಿ ಕೆಮ್ಮಿದರು.

"ನೋಡಿ, ಸಾಬ್‌ಜಿಗೆ ನಿಮ್ಮ ಮಾತು ಒಪ್ಪಿಗೆ ಆಗ್ಲಿಲ್ಲ," ಎಂದು ಚೌಧರಿ ಮಾಸ್ತರರಿಗೆ ಹೇಳಿದರು.

ಆಮೇಲೆ ಯಾವ ಊರಿಗೆ ಎಷ್ಟು ಗಂಟೆ ನೀರು ಎಂಬ ಚರ್ಚೆಯಾಯಿತು. ಝಾಡ್‌ಪುರಕ್ಕೆ ಹೆಚ್ಚು ಬೇಕೆಂದು ಚೌಧರಿ ಕೇಳಿದರು. "ಪರಿಶೀಲಿಸೋಣ," ಎಂದರು ಇಂದುಶೇಖರರು. ಝಾಡ್‌ಪುರಕ್ಕೆ ಏಕೆ ಹೆಚ್ಚೆಂದು ಲಾಲಾ ಕೇಳಿದರು. ಅದನ್ನೂ ಪರಿಶೀಲಿಸೋಣ ಎಂದರು. ಇಬ್ಬರೂ ತಮ್ಮ ಕಡೆಗೇ ತೀರ್ಮಾನವಾಯಿತೆಂದು ತೃಪ್ತಿಯಿಂದ ಹಿಂದಕ್ಕೆ ಒರಗಿದರು. ಸಮಿತಿಯ ಇತಿಹಾಸದಲ್ಲಿ ಕುರ್ಚಿಗಳು ಉರುಳದೆ ಮುಗಿದ ಮೊದಲ ಸಭೆ ಅದು. ಕೊನೆಗೆ ಗುಮಾಸ್ತ ನಡವಳಿಯ ಪುಸ್ತಕ ತಂದು ಅವರ ಮುಂದೆ ಇಟ್ಟ. ಕಾಗದ ಕಂಡಿತು, ಕೈ ತನ್ನ ಕೆಲಸ ಮಾಡಿತು. ಬಲಮೂಲೆಯಲ್ಲಿ 'ಇಂ.ಶೇ.', ತಾರೀಖು. ಸಹಿಯ ಕೆಳಗೆ 'ಅಧ್ಯಕ್ಷರು, ಸಂಯುಕ್ತ ಕುಡಿಯುವ ನೀರಿನ ಸಮಿತಿ' ಎಂದು ಮೊದಲೇ ಅಚ್ಚಾಗಿದ್ದದ್ದನ್ನು ಅವರು ಓದಿದ್ದು ಆಮೇಲೆ.

ಮನೆ ಮುಟ್ಟುವ ಮುಂಚೆಯೇ ಸುದ್ದಿ ಮುಟ್ಟಿತ್ತು. ಪಂಕಜಾ ಗ್ರಿಲ್ಲಿನ ಒಳಗೆ ನಿಂತಿದ್ದರು.

"ಅರ್ಜಿ ಕೊಟ್ರಾ?"

ಡೈರಿ ತೆರೆದರು. ಅರ್ಜಿ ಇರಲಿಲ್ಲ. "ಎಲ್ಲೋ ಬಿತ್ತು."

"ಕೆಳಗೆ ಬೀಜಿ ಹೇಳ್ತಿದ್ರು, ನೀವು ನೀರಿನ ಅಧ್ಯಕ್ಷರಾದ್ರಂತೆ."

"ಹೌದು ಕಣೇ."

"ಯಾರು ಮಾಡಿದ್ರು?"

ಇಂದುಶೇಖರರು ಸ್ವಲ್ಪ ಯೋಚಿಸಿ, "ಪೆನ್ನು," ಎಂದರು.

ಭಾನುವಾರ ಬೆಳಗ್ಗೆ ಆರಕ್ಕೆಲ್ಲ ಮೆಟ್ಟಿಲ ಮೇಲೆ ಸಾಲು. ಒಬ್ಬರಿಗೆ ಪೈಪು ಸೋರುತ್ತಿತ್ತು, ಒಬ್ಬರಿಗೆ ಪೈಪೇ ಇರಲಿಲ್ಲ, ಒಬ್ಬರು ಮಗನಿಗೆ ಕೆಲಸ ಕೇಳಲು ಬಂದಿದ್ದರು. ಪ್ರತಿಯೊಬ್ಬರ ಕಾಗದದ ಮೂಲೆಯಲ್ಲೂ 'ಇಂ.ಶೇ.' ಬಿತ್ತು. ಸಹಿ ಬಿದ್ದ ಕಾಗದ ಹಿಡಿದು ಅವರೆಲ್ಲ ಅರ್ಧ ನೀರು ಬಂದಷ್ಟೇ ಸಂತೋಷದಿಂದ ಇಳಿದು ಹೋದರು. ಎಂದೂ ಮಾತಾಡಿಸದಿದ್ದ ತರಕಾರಿ ಭಯ್ಯಾ ಕೊತ್ತಂಬರಿಯನ್ನು ಸುಮ್ಮನೆ ಕೊಟ್ಟ. ಶಟಲ್ ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಗತೊಡಗಿತು. ಇನ್ನೂ ಒಂದು ವಿಚಿತ್ರ ಆಯಿತು. ಸೋಮವಾರದಿಂದ ಬೀಜಿಯ ಬಕೆಟ್ಟಿನ ಪಕ್ಕದಲ್ಲಿ ಹಾಲಿನ ಕ್ಯಾನೊಂದು ಕಾಣಿಸಿತು. ಒಳಗಿದ್ದದ್ದು ಹಾಲಲ್ಲ, ಸಿಹಿನೀರು. ಇಟ್ಟದ್ದು ಬೀಜಿ ಎಂದು ಪಂಕಜಾ ತಿಳಿದರು. ಪಂಕಜಾ ಎಂದು ಬೀಜಿ ತಿಳಿದರು. ಕ್ಯಾನಿನ ನೀರು ಅಡುಗೆಗೆ ಸಾಕಾಗುತ್ತಿತ್ತು. ಹಂಡೆಗೆ ಮಾತ್ರ ಸಾಲದು.

"ನೀವು ಅಧ್ಯಕ್ಷರು. ಆದ್ರೂ ನಮ್ಮ ನಲ್ಲೀಲಿ ನೀರಿಲ್ಲ," ಎಂದರು ಪಂಕಜಾ. "ಯಾಕೆ ಬರ್ತಿಲ್ಲ ಅಂತಾದ್ರೂ ಹೋಗಿ ನೋಡಬಾರದಾ?"

ಅರ್ಧ ದಿನ ರಜೆ ಹಾಕಿ ಅವರು ಯಮುನೆಯ ದಡದ ಪಂಪ್‌ಹೌಸಿಗೆ ಹೋದರು. ಬಾವಿ ತುಂಬಿತ್ತು. ಮೋಟಾರು ಸರಿಯಾಗಿತ್ತು. ಕರೆಂಟೂ ಇತ್ತು, ಅದಂತೂ ಯಾರೂ ನಂಬುವ ಮಾತಲ್ಲ. ಪಂಪ್‌ಹೌಸಿನ ಕಬ್ಬಿಣದ ಬಾಗಿಲಿಗೆ ಉದ್ದನೆಯದೊಂದು ಪಟ್ಟಿ, ಪಟ್ಟಿಯಲ್ಲಿ ಮೂರು ತೂತು, ಮೂರು ತೂತಿಗೆ ಮೂರು ದಪ್ಪ ಬೀಗ. ಒಂದೊಂದರ ಮೇಲೂ ಒಂದೊಂದು ಊರಿನ ಹೆಸರನ್ನು ಬಣ್ಣದಲ್ಲಿ ಬರೆದಿತ್ತು. ಸಂಯುಕ್ತ ನಿರ್ವಹಣೆ ಎಂದರೆ ಇದು. ಮೂರು ಊರಿನ ಮೂವರು ವಾಲ್ವ್‌ಮನ್ನುಗಳೂ ಒಟ್ಟಿಗೆ ಬಂದು ಮೂರೂ ಬೀಗ ತೆಗೆದರೆ ಮಾತ್ರ ಬಾಗಿಲು ತೆರೆಯುತ್ತದೆ. ಒಬ್ಬ ಕದ್ದು ತನ್ನೂರಿಗೆ ನೀರು ಬಿಟ್ಟುಕೊಳ್ಳುವ ಹಾಗಿಲ್ಲ. ಮೂವರಲ್ಲಿ ಒಬ್ಬನ ಭಾವಮೈದುನನ ಮದುವೆ, ಇನ್ನೊಬ್ಬನ ಅಳಿಯನ ಜ್ವರ, ಮತ್ತೊಬ್ಬನ ಮೊಮ್ಮಗನ ಮುಡಿ, ಹೀಗೆ ಪ್ರಪಂಚದಲ್ಲಿ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದಲ್ಲ. ಕಳ್ಳತನವಂತೂ ಪೂರ್ತಿ ನಿಂತಿತ್ತು. ನೀರೂ ನಿಂತಿತ್ತು.

ಇಂದುಶೇಖರರು ಬೀಗಗಳನ್ನು ಬಹಳ ಹೊತ್ತು ನೋಡಿದರು. ಬೀಗ ಅವರ ವಿಷಯವಲ್ಲ. ವಾಪಸ್ ಬಂದರು.

ಅಷ್ಟರಲ್ಲಿ ಆಫೀಸಿನಲ್ಲಿ ಅವರ ಮೇಜಿಗೇ ಒಂದು ಪತ್ರ ಬಂದು ಬಿದ್ದಿತ್ತು. ಮೂರೂ ಪುರಸಭೆಗಳು ಸೇರಿ ಬರೆದದ್ದು. 'ತಾವು ಕಳಿಸಿಕೊಟ್ಟ ಅಧ್ಯಕ್ಷರಾದ ಶ್ರೀ ಇಂದುಶೇಖರರ ಸೇವೆಯಿಂದ ಬಹಳ ಸಂತೋಷವಾಗಿದೆ. ಅವರು ಯಾರ ಪರವಾಗಿಯೂ ಏನೂ ಮಾಡಿಲ್ಲ.' ಪತ್ರಕ್ಕೆ ಸಾವಿರದ ನೂರ ನಲವತ್ತೇಳನೆಯ ನಂಬರು ಕೊಟ್ಟು, ಮೂಲೆಯಲ್ಲಿ ಸಹಿ ಹಾಕಿ, ಆಮೇಲೆ ಅವರು ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಟಪಾಲನ್ನು ಪೂರ್ತಿ ಓದಿದರು. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಬೇರೆ ಯಾರಾದರೂ ಆಗಿದ್ದರೆ ಪತ್ರ ಕಳೆದುಹೋಗುತ್ತಿತ್ತು. ಇವರು ಬೀಗದ ಕೈ ಕಳೆದಿದ್ದರು, ಛತ್ರಿ ಕಳೆದಿದ್ದರು, ಆಫೀಸಿನ ಕಾಗದ ಕಳೆದವರಲ್ಲ. ಕಡತಕ್ಕೆ ಹಾಕಿ ಸೆಕ್ಷನ್ ಆಫೀಸರ್ ಭಟ್ನಾಗರರ ಮುಂದೆ ತಾವೇ ತೆಗೆದುಕೊಂಡು ಹೋಗಿ ಇಟ್ಟರು.

ಭಟ್ನಾಗರ್ ಎರಡು ಸಲ ಓದಿದರು. "ನಾವು ಯಾವಾಗ ಕಳಿಸಿದ್ವಿ ನಿಮ್ಮನ್ನ?"

"ಕಳಿಸಿಲ್ಲ ಸಾರ್. ಕುರ್ಚಿ ಖಾಲಿ ಇತ್ತು."

"ಅಚ್ಛಾ. ನೀರು ಬರ್ತಿದೆಯಾ?"

"ಇಲ್ಲ ಸಾರ್."

"ಹಾಗಾದ್ರೆ ಚಿಂತೆ ಇಲ್ಲ." ಭಟ್ನಾಗರ್ ಕನ್ನಡಕ ತೆಗೆದು ಒರೆಸಿದರು. "ಇಂದುಶೇಖರ್‌ಜಿ, ನೀರು ಬರದೇ ಇದ್ರೆ ಯಾರೂ ಏನೂ ಕೇಳೋದಿಲ್ಲ. ಎಲ್ಲಾ ನಿಯಮದ ಪ್ರಕಾರ ಇದೆ ಅಂತ ತಿಳ್ಕೋತಾರೆ. ಅಕಸ್ಮಾತ್ ಬಂದುಬಿಟ್ರೆ, ಯಾರು ತಂದ್ರು, ಯಾವ ಆರ್ಡರ್ ಮೇಲೆ ತಂದ್ರು ಅಂತ ಶುರು ಮಾಡ್ತಾರೆ. ಆಮೇಲೆ ನಿಮ್ಮ ಪೆನ್ಷನ್ ದೇವರ ಕೈಯಲ್ಲಿ. ಸ್ವಲ್ಪ ನೋಡ್ಕೊಂಡಿರಿ."

ಹೊರಟವರನ್ನು ಮತ್ತೆ ಕರೆದು, "ಮಗಳಿಗೆ ಎಷ್ಟು ತಿಂಗಳು ಅಂದ್ರಿ?" ಎಂದು ಕೇಳಿದರು.

"ನಾನು ಹೇಳ್ಲಿಲ್ಲ ಸಾರ್. ಒಂಬತ್ತಕ್ಕೆ ಬಿದ್ದಿದೆ."

"ಮೊನ್ನೆ ಅರ್ಧ ದಿನದ ರಜಾ ಅರ್ಜಿಯಲ್ಲಿ ಮಗಳು ಗರ್ಭಿಣಿ ಅಂತ ಬರೆದಿದ್ರಿ. ಓದಿದ್ದೆ." ಆ ಆಫೀಸಿನಲ್ಲಿ ಓದುವವರು ಒಬ್ಬರಾದರೂ ಇದ್ದಾರೆಂದು ಇಂದುಶೇಖರರಿಗೆ ಗೊತ್ತಾದದ್ದು ಅಂದು.

ಹೀಗೆ ನೀರು ಬಂದರೆ ಪೆನ್ಷನ್ನಿಗೆ ಸಂಚಕಾರ, ಬರದಿದ್ದರೆ ಬಾಣಂತನಕ್ಕೆ. ಶಟಲ್ ರೈಲಿನ ಕಿಟಕಿಯ ಪಕ್ಕ ಕೂತು ಅವರು ಎರಡನ್ನೂ ಪರಿಶೀಲಿಸುತ್ತ ತಮ್ಮ ಸ್ಟೇಷನ್ನು ದಾಟಿ ಒಂದು ಸ್ಟೇಷನ್ ಮುಂದೆ ಹೋಗಿ ಇಳಿದರು.

ಮನೆಯಲ್ಲಿ ತನುಶ್ರೀಯ ಸೂಟ್‌ಕೇಸು ಮಂಚದ ಮೇಲೆ ತೆರೆದಿತ್ತು. ಪಂಕಜಾ ಮಡಿಸಿದ ಸೀರೆಗಳನ್ನೇ ಮತ್ತೆ ಬಿಚ್ಚಿ ಮಡಿಸುತ್ತಿದ್ದರು. ಬಾಣಂತನಕ್ಕೆಂದು ತೊಳೆದು ಹುಣಸೆಹಣ್ಣು ಹಾಕಿ ಬೆಳಗಿದ್ದ ತಾಮ್ರದ ಹಂಡೆ ಮೂಲೆಯಲ್ಲಿ ಒಣಗಿ ನಿಂತಿತ್ತು.

"ಭಾನುವಾರ ಶ್ರೀವತ್ಸ ಕಾರ್ ತರ್ತಾರಂತೆ," ಎಂದಳು ತನುಶ್ರೀ, ಗಂಡನ ಫೋನು ಕೆಳಗಿಡುತ್ತ. "ಅಪ್ಪಾ, ಇಟ್ಸ್ ಓಕೆ. ಅಮ್ಮನೂ ಬರ್ಲಿ. ವಹಾಂ ಗೆಸ್ಟ್ ರೂಮ್..."

"ಗೆಸ್ಟ್ ರೂಮಿನ ಹೆಸರು ಎತ್ತಬೇಡ," ಎಂದರು ಪಂಕಜಾ, ಸೂಟ್‌ಕೇಸಿಗೆ.

ಶನಿವಾರ ಬೆಳಗ್ಗೆ ಚೌಧರಿಯ ಕರೆ ಬಂತು. ಎರಡು ವಾರದಿಂದ ಮೂರೂ ಊರಿಗೆ ಹನಿ ನೀರಿಲ್ಲ, ಜನ ಪಂಪ್‌ಹೌಸಿಗೆ ನುಗ್ಗಿದ್ದಾರೆ, ಅಧ್ಯಕ್ಷರು ಕೂಡಲೆ ಬರಬೇಕು. ಇಂದುಶೇಖರರು ಸಫಾರಿ ತೊಟ್ಟರು. ಪಂಕಜಾ ಒಂದು ಹಿತ್ತಾಳೆಯ ಕೊಡ ಎತ್ತಿಕೊಂಡರು.

"ನೀನೆಲ್ಲಿಗೆ?"

"ಅಧ್ಯಕ್ಷರ ಜೊತೆ."

ಬೀಜಿಯೂ ಕೊಡೆ ಬಿಚ್ಚಿಕೊಂಡು ಹೊರಟರು. ದಾರಿಯುದ್ದಕ್ಕೂ ಕೊಡೆಯನ್ನು ಪಂಕಜಾರ ತಲೆಯ ಮೇಲೇ ಹಿಡಿದಿದ್ದರು. ತಮ್ಮ ತಲೆಗೆ ದುಪಟ್ಟಾ ಸಾಕು ಎಂದರು.

ಪಂಪ್‌ಹೌಸಿನ ಮುಂದೆ ಮೂರು ಊರಿನ ಬಕೆಟ್ಟುಗಳೂ ಸಾಲುಗಟ್ಟಿದ್ದವು. ಬಾಗಿಲಲ್ಲಿ ಎರಡು ಬೀಗ ತೆರೆದು ನೇತಾಡುತ್ತಿದ್ದವು. ಮೂರನೆಯದು, ಬೇರ್‌ಖೇಡಾದ್ದು, ಮುಚ್ಚಿತ್ತು. ಅದರ ಕೈ ವಾಲ್ವ್‌ಮನ್ ಮನೋಜನ ಜೇಬಿನಲ್ಲಿ. ಮನೋಜ ನಾದಿನಿಯ ಮದುವೆಗೆ ಬುಲಂದ್‌ಶಹರ್‌ನಲ್ಲಿ. ಅವನ ಮೊಬೈಲು ಮನೆಯಲ್ಲಿ.

"ಬೀಗ ಒಡೆದುಹಾಕಿ," ಎಂದರು ಚೌಧರಿ.

"ನಾವು ಬೇರ್‌ಖೇಡಾದ ಅಧ್ಯಕ್ಷರು ಹೇಳೋದೇನಂದ್ರೆ," ಎಂದು ಮಾಸ್ತರರು ಬಾಗಿಲಿಗೆ ಅಡ್ಡ ನಿಂತರು, "ಬೇರ್‌ಖೇಡಾದ ಬೀಗ ಒಡೆಯೋದು, ಬೇರ್‌ಖೇಡಾದ ಮೂಗು ಕೊಯ್ಯೋದು ಎರಡೂ ಒಂದೇ."

"ಮೂಗು ಇಟ್ಕೊಂಡು ಏನು ಮಾಡ್ತೀರಿ, ತೊಳೆಯೋಕೆ ನೀರಿಲ್ಲ," ಎಂದರು ಲಾಲಾ.

"ನಿಮ್ಮೂರಿನವನು ಹೋದ ತಿಂಗಳು ಮುಡಿ ಕೊಡೋಕೆ ಹೋದಾಗ ನಾವು ಒಡೆದ್ವಾ? ಆರು ದಿನ ಸ್ನಾನ ಮಾಡದೆ ಇದ್ವಿ, ಮರ್ಯಾದೆಯಾಗಿ."

ಮೂವರೂ ಒಟ್ಟಿಗೆ ಇಂದುಶೇಖರರತ್ತ ತಿರುಗಿದರು. "ಸಾಬ್‌ಜಿ, ನೀವೇ ಹೇಳಿ."

ಇಂದುಶೇಖರರು ಬಾಯಿ ತೆರೆದರು. ನಾಲಿಗೆಯ ತುದಿಗೆ ಬಂದದ್ದು ಪರಿಶೀಲಿಸೋಣ ಎಂಬುದೇ. ಪಕ್ಕದಲ್ಲಿ ಕೊಡ ಹಿಡಿದು ನಿಂತ ಹೆಂಡತಿಯನ್ನು ಕಂಡು ಬೇರೆ ಮಾತು ಹೊರಟಿತು.

"ನಾನು ಸಾಬ್‌ಜಿ ಅಲ್ಲ. ಮೇಲಿನಿಂದ ಬಂದವನೂ ಅಲ್ಲ. ನಿಮ್ಮ ಸಮಿತಿಗೆ ಅರ್ಜಿ ಕೊಡೋಕೆ ಬಂದಿದ್ದೆ, ಮಗಳ ಬಾಣಂತನಕ್ಕೆ ನೀರು ಕೇಳೋಕೆ. ಕುರ್ಚಿ ಖಾಲಿ ಇತ್ತು, ಕೂತೆ. ತಪ್ಪಾಯ್ತು."

ಚೌಧರಿ ಜೇಬಿನಿಂದ ಮಡಿಸಿದ ಒಂದು ಕಾಗದ ತೆಗೆದರು. ಅದೇ ಅರ್ಜಿ.

"ಗೊತ್ತು. ಅವತ್ತೇ ಟವೆಲ್ ಕೆಳಗೆ ಸಿಕ್ತು. ನಮ್ಮನೆಯವಳು ಓದಿಸಿ ಕೇಳಿದ್ಲು. ನಮ್ಮ ಬೋರಿನ ನೀರು ದಿನಾ ಒಂದು ಕ್ಯಾನ್ ಹಾಲಿನವನ ಸೈಕಲ್ ಮೇಲೆ ಕಳಿಸ್ತಿದ್ದಾಳೆ, ಸಿಗ್ತಿದೆ ತಾನೆ?"

ಪಂಕಜಾ ಬೀಜಿಯನ್ನು ನೋಡಿದರು. ಬೀಜಿ ಪಂಕಜಾರನ್ನು ನೋಡಿದರು.

"ಗೊತ್ತಿದ್ರೂ ಯಾಕೆ ಸುಮ್ಮನಿದ್ರಿ?" ಎಂದು ಇಂದುಶೇಖರರು ಕೇಳಿದರು. "ಸಂತೋಷವಾಗಿದೆ ಅಂತ ಕಾಗದ ಬೇರೆ ಬರೆದ್ರಿ."

"ಮೂರೂ ಊರಲ್ಲಿ ಯಾರನ್ನ ಕೂರಿಸಿದ್ರೂ ಇನ್ನೊಬ್ಬರ ಕಡೆಯವನು ಅಂತ ಜಗಳ. ನೀವು ಯಾರ ಕಡೆಯವರೂ ಅಲ್ಲ. ಮೇಲಿನವರ ಕಡೆಯವರೂ ಅಲ್ಲ ಅಂತ ಗೊತ್ತಾದ ಮೇಲೆ ಇನ್ನೂ ನೆಮ್ಮದಿ ಆಯ್ತು," ಎಂದರು ಲಾಲಾ. "ಇಂಥವರನ್ನ ಮತ್ತೆ ಎಲ್ಲಿ ಹುಡುಕೋಣ? ಅದಿರ್ಲಿ, ಬೀಗಕ್ಕೆ ಏನು ಮಾಡೋಣ ಹೇಳಿ."

ಇಷ್ಟು ಹೊತ್ತೂ ಬಾಗಿಲನ್ನೇ ನೋಡುತ್ತಿದ್ದ ಪಂಕಜಾ ಕೊಡ ಕೆಳಗಿಟ್ಟರು. ಅವರ ಹಿಂದಿ ತರಕಾರಿ ಕೊಳ್ಳುವಷ್ಟರದು, ಆದರೆ ಚೌಕಾಸಿ ಮಾಡಿ ಮಾಡಿ ಗಟ್ಟಿಯಾದದ್ದು.

"ಇದ್ಯಾವ ಬುದ್ಧಿ ಭಯ್ಯಾ? ಒಬ್ಬ ಬರದಿದ್ರೆ ಮೂರು ಊರಿಗೆ ಬಾಗಿಲು ಬಂದ್. ಸರಪಳಿ ಇದ್ರೆ ಕೊಡಿ."

ಯಾರೋ ಎಮ್ಮೆ ಕಟ್ಟುವ ಸರಪಳಿ ತಂದರು. ತೆರೆದಿದ್ದ ಎರಡು ಬೀಗಗಳನ್ನು ತೆಗೆದು, ಒಂದರ ಕೊಂಡಿಯೊಳಗೆ ಇನ್ನೊಂದರ ಕೊಂಡಿ ಸಿಕ್ಕಿಸಿ, ಸರಪಳಿಯ ಎರಡು ತುದಿಗಳನ್ನೂ ಅವುಗಳಿಂದ ಜೋಡಿಸಿ ಎತ್ತಿ ತೋರಿಸಿದರು.

"ಮೂರನೇದನ್ನೂ ಹೀಗೇ ನಡುವೆ ಸೇರಿಸಿ. ಮೂವರಲ್ಲಿ ಯಾರೊಬ್ಬ ಬಂದ್ರೂ ಬಾಗಿಲು ತೆರೆಯುತ್ತೆ. ಇಪ್ಪತ್ತೆಂಟು ವರ್ಷದಿಂದ ನಮ್ಮನೇಲಿ ಹೀಗೇ. ನಮ್ಮವರು ಬೀಗದ ಕೈ ಕಳೀತಾರೆ."

ಮೂರು ಊರಿನ ಜನವೂ ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ಪಂಪ್‌ಹೌಸಿನ ಸೂರು ನೋಡಿದರು.

"ಯಾರು ಬೇಕಾದ್ರೂ ತೆರೆಯೋ ಹಾಗಾದ್ರೆ ಝಾಡ್‌ಪುರದವರು ನೀರು ಕದೀತಾರೆ," ಎಂದರು ಮಾಸ್ತರರು.

"ಕದೀತಾರೆ ಅನ್ನೋ ಭಯ ಇದ್ರೆ ಮೂವರೂ ದಿನಾ ಬಂದು ಕಾಯ್ತಾರೆ. ಕಾಯೋಕೆ ಬಂದವರು ಮೋಟಾರೂ ಹಾಕ್ತಾರೆ."

ಇದನ್ನು ಹೇಳಿದ್ದು ಯಾರೆಂದು ಮಾಸ್ತರರು ಸುತ್ತ ಹುಡುಕಿದರು. ಧ್ವನಿ ಸೆರಗಿನೊಳಗಿಂದ ಬಂದಿತ್ತು. ಸಂತೋಷ್ ದೇವಿ ಮುಂದೆ ಬಂದು, ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಬೀಗದ ಕೈ ತೆಗೆದು, ಬೇರ್‌ಖೇಡಾದ ಬೀಗ ತೆರೆದರು.

ಮಾಸ್ತರರು ಬೀಗ ಹಿಡಿದು ನೋಡಿದರು. "ಇದು ನಿನ್ನ ಹತ್ರ ಹೇಗೆ?"

"ಇನ್ನೊಂದು ಕೈ ಅಧ್ಯಕ್ಷರ ಹತ್ರ ಇರಬೇಕು ಅಂತ ನಮ್ಮ ಪುರಸಭೆ ರೂಲು. ಅಧ್ಯಕ್ಷೆ ನಾನು."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಕೇಳಿದವರು ಯಾರು?"

ಬೀಜಿ ಕೊಡೆಯನ್ನು ಒಂದು ನಿಮಿಷ ಸಂತೋಷ್ ದೇವಿಯ ತಲೆಯ ಮೇಲೂ ಹಿಡಿದರು.

ಮೂರೂ ಬೀಗ ಇನ್ನು ಸರಪಳಿಗೆ ಎಂಬ ಠರಾವು ಬರೆದು ಗುಮಾಸ್ತ ನಡವಳಿಯ ಪುಸ್ತಕ ತಂದ. ಇಂದುಶೇಖರರು ಈ ಸಲ ಮೇಲಿನಿಂದ ಕೆಳಗಿನ ತನಕ ಓದಿದರು. ಭಟ್ನಾಗರರ ಮಾತು ನೆನಪಾಯಿತು. ಪೆನ್ನು ಮೂಲೆಯ ಮೇಲೆ ಒಂದು ಗಳಿಗೆ ನಿಂತಿತು. ಒಳಗೆ ಮೋಟಾರು ಗುಂಯ್ ಎಂದಿತು. ಮೊಟಕು ಸಹಿಯಲ್ಲ, ಪೂರ್ತಿ ಹೆಸರನ್ನೇ ಬರೆದರು.

ಅಂದು ಮಧ್ಯಾಹ್ನ ಕೀಕರ್‌ವಾಲಿಯ ನಲ್ಲಿಗಳು ಮೊದಲು ಕೆಮ್ಮಿದವು, ಆಮೇಲೆ ಕೆಂಪಗೆ ಉಗುಳಿದವು, ಆಮೇಲೆ ನೀರು ಬಂತು. ಪಂಕಜಾ ಸೂಟ್‌ಕೇಸಿನ ಸೀರೆಗಳನ್ನು ಹೊರಗೆ ತೆಗೆದಿಟ್ಟು, ಅದನ್ನು ಮಂಚದ ಕೆಳಗೆ ತಳ್ಳಿದರು. ಭಾನುವಾರ ಕಾರು ತಂದ ಅಳಿಯ ಶ್ರೀವತ್ಸ ಎರಡು ಲೋಟ ಪಾನಕ ಕುಡಿದು ಒಬ್ಬನೇ ವಾಪಸ್ ಹೋದ.

ಸಂತೋಷ್ ದೇವಿ ಹೇಳಿದ ಹಾಗೆಯೇ ಆಯಿತು. ಒಬ್ಬರ ಮೇಲೊಬ್ಬರಿಗಿದ್ದ ಅನುಮಾನದಿಂದ ಮೂವರು ವಾಲ್ವ್‌ಮನ್ನುಗಳೂ ಬೆಳಗ್ಗೆ ಐದಕ್ಕೇ ಪಂಪ್‌ಹೌಸಿನಲ್ಲಿ ಹಾಜರಿರತೊಡಗಿದರು. ಕಾಯುತ್ತ ಕೂತವರಿಗೆ ಹೊತ್ತು ಹೋಗಬೇಕಲ್ಲ. ಒಬ್ಬ ಚಹಾದ ಪುಡಿ ತಂದ, ಒಬ್ಬ ಸ್ಟವ್ ತಂದ, ಮನೋಜ ಇಸ್ಪೀಟೆಲೆ ತಂದ. ಮುಂದಿನ ಮದುವೆಗೆ ಮೂವರೂ ಒಟ್ಟಿಗೆ ಹೋಗಬೇಕೆಂಬ ಮಾತು ಬಂದಾಗ ಮಾತ್ರ ಸಮಿತಿ ತುರ್ತುಸಭೆ ಸೇರಿ ಅದನ್ನು ತಡೆಯಿತು.

ನೀರು ಬಂದದ್ದು ಮೇಲಿನವರಿಗೂ ತಿಳಿಯಿತು. ಯಾರ ಆದೇಶದ ಮೇಲೆ ಬಂತು, ಕೂಡಲೆ ವಿವರಣೆ ಬೇಕು ಎಂಬ ಕಾಗದ ಇಂದುಶೇಖರರ ಮೇಜಿಗೆ ಬಂತು. ಅವರು ನಂಬರು ಕೊಟ್ಟು, ನಡೆದದ್ದನ್ನೆಲ್ಲ ಒಂದೂ ಬಿಡದೆ ಬರೆದು ಮುಂದಿಟ್ಟರು. ಭಟ್ನಾಗರ್ ಅದರ ಮೇಲೆ 'ಚರ್ಚಿಸಿ' ಎಂದು ಬರೆದು ತಮ್ಮ ಡ್ರಾಯರಿನ ತಳದಲ್ಲಿ ಇಟ್ಟರು. ಚರ್ಚಿಸಿ ಎಂದು ಬರೆದ ಕಡತವನ್ನು ಆ ಆಫೀಸಿನಲ್ಲಿ ಯಾರೂ ಚರ್ಚಿಸಿದ್ದಿಲ್ಲ. "ಮೊಮ್ಮಗು ಬಂದ ಮೇಲೆ ಮಿಠಾಯಿ ತನ್ನಿ," ಎಂದರು, "ಅಷ್ಟೇ ಚರ್ಚೆ."

ಜೂನ್ ಕೊನೆಯಲ್ಲಿ ಕೀಕರ್‌ವಾಲಿಯ ನರ್ಸಿಂಗ್ ಹೋಮಿನಲ್ಲಿ ತನುಶ್ರೀಗೆ ಗಂಡುಮಗುವಾಯಿತು. ಬಾಣಂತನ ತವರಲ್ಲೇ, ಹಂಡೆಗಟ್ಟಲೆ ನೀರಿನಲ್ಲಿ ನಡೆಯಿತು. ಹಂಸಾ ನೋಡಲು ಬಂದವರು ಬಚ್ಚಲಿನ ಹಬೆ ನೋಡಿ, "ನಮ್ಮಲ್ಲಿ ಇಷ್ಟು ಜಾಗ ಇರ್ತಿರ್ಲಿಲ್ಲ ಬಿಡಿ," ಎಂದು ಒಪ್ಪಿಕೊಂಡರು. ಅದು ದೊಡ್ಡ ಮನಸ್ಸಿನ ಮಾತು; ಪಂಕಜಾ ಅವರಿಗೆ ಎರಡನೆಯ ಸಲ ತುಪ್ಪ ಬಡಿಸಿದರು.

ಹನ್ನೊಂದನೆಯ ದಿನ ಬೆಳಗ್ಗೆ, ಅಧ್ಯಕ್ಷರನ್ನು ಕಚೇರಿಗೆ ಅಲೆಸುವುದು ಸರಿಯಲ್ಲವೆಂದು, ಪುರಸಭೆಯ ಗುಮಾಸ್ತ ಜನನ ನೋಂದಣಿಯ ಫಾರಂ ಹಿಡಿದು ಮನೆಗೇ ಬಂದ. ಶ್ರೀವತ್ಸ ಒಳಗೆ ಮಗುವನ್ನು ಎತ್ತಿಕೊಂಡಿದ್ದ. ಗುಮಾಸ್ತ ಫಾರಂ ತುಂಬಿ ಇಂದುಶೇಖರರ ಮುಂದೆ ಇಟ್ಟ. ಪೆನ್ನು ಬಲಮೂಲೆಗೆ ಹೊರಟಿತು. ಪಂಕಜಾ ಅಡುಗೆಮನೆಯಿಂದ ನೋಡಿ, ಓಡಿ ಬಂದು ಗಂಡನ ಮಣಿಕಟ್ಟು ಹಿಡಿದರು.

"ಮೊದಲು ಓದ್ರೀ."

"ಓದ್ತೀನಿ ಕಣೇ. ಕೈ ಬಿಡು."

"ಓದಿ. ಆಮೇಲೆ ಬಿಡ್ತೀನಿ."

ಅಷ್ಟರಲ್ಲಿ ಬಚ್ಚಲಲ್ಲಿ ನಲ್ಲಿ ಕೆಮ್ಮಿತು. ಪಂಕಜಾ ಕೈ ಬಿಟ್ಟು ಹಂಡೆಯ ಕಡೆಗೆ ಓಡಿದರು.

ಹಂಡೆ ತುಂಬಿಸಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವರು ಹೊರಗೆ ಬರುವಷ್ಟರಲ್ಲಿ ಫಾರಮ್ಮಿನ ಬಲಗಡೆಯ ಕೆಳಮೂಲೆಯಲ್ಲಿ, 'ತಂದೆಯ ಸಹಿ' ಎಂದಿದ್ದ ಜಾಗದ ಮೇಲೆ, 'ಇಂ.ಶೇ.' ಎಂದೂ ಆ ದಿನದ ತಾರೀಖೂ ಬಿದ್ದಾಗಿತ್ತು. ಗುಮಾಸ್ತ ಅದನ್ನು ಗೌರವದಿಂದ ಮಡಿಸಿ ಚೀಲದೊಳಗೆ ಇಟ್ಟುಕೊಳ್ಳುತ್ತಿದ್ದ.